ಕೈ ಪಳಗಿಸುವ ಗುರುವಿಗೂ ಒಂದು ನಮಸ್ಕಾರ



ಹೋದ ತಿಂಗಳು ಒಂದು ಮಧ್ಯಾಹ್ನ ಕೋಸಂಬರಿಗೆ ಸೌತೆಕಾಯಿ ಹೆಚ್ಚುತ್ತಾ ಕುಳಿತಿದ್ದೆ. ಹಿಂದಿನ ಬೀದಿಯ ಗೆಳತಿಯೊಬ್ಬಳು ಬಂದಳು. ಮುಖ ಬಾಡಿತ್ತು. ಪಿತ್ತಕೋಶದಲ್ಲಿ ಕಲ್ಲಿದೆ, ಆಪರೇಷನ್ ಆಗಲೇಬೇಕು ಎಂದು ನಮ್ಮ ಮಾಲೂರಿನ ಡಾಕ್ಟರು ಹೇಳಿ, ಮೆಡಿಕಲ್ ಕಾಲೇಜಿನ ಆಸ್ಪತ್ರೆಯೊಂದಕ್ಕೆ ಚೀಟಿ ಬರೆದುಕೊಟ್ಟಿದ್ದರಂತೆ.

"ಅಕ್ಕಾ, ಅಲ್ಲಿ ಕಲಿಯೋ ಹುಡುಗರು ನಮ್ಮ ಹೊಟ್ಟೆ ಕೊಯ್ದು ಅಭ್ಯಾಸ ಮಾಡ್ತಾರಂತೆ. ನಾನು ಒಲ್ಲೆ" ಎಂದಳು.

ಈ ಭಯ ಅವಳೊಬ್ಬಳದೇ ಅಲ್ಲ. ನಿಮ್ಮಲ್ಲೂ ಎಷ್ಟೋ ಜನ ಇದೇ ಹೆದರಿಕೆಯಿಂದ ನೋವು ನುಂಗಿಕೊಂಡು ಮನೆಯಲ್ಲೇ ಉಳಿದಿರಬಹುದು. ಆದ್ದರಿಂದ ಈ ಸಲ ಅಡಿಗೆಯ ಮಾತು ಸ್ವಲ್ಪ ಪಕ್ಕಕ್ಕಿರಲಿ.

ನನ್ನ ಕೈಯಲ್ಲಿದ್ದ ಸೌತೆಕಾಯಿಯನ್ನೇ ಅವಳಿಗೆ ತೋರಿಸಿದೆ. ಸುಶ್ರುತ ಸಂಹಿತೆಯಲ್ಲಿ ಶಿಷ್ಯರು ಶಸ್ತ್ರವಿದ್ಯೆ ಕಲಿಯುವ ಬಗೆಯನ್ನು ವಿವರವಾಗಿ ಹೇಳಿದೆ. ಕೊಯ್ಯುವುದನ್ನು ಬೂದುಗುಂಬಳ, ಸೋರೆ, ಸೌತೆ, ಕಲ್ಲಂಗಡಿಗಳ ಮೇಲೆ ಕಲಿಯಬೇಕು. ಸೀಳುವುದನ್ನು ನೀರು ತುಂಬಿದ ಚರ್ಮದ ಚೀಲದ ಮೇಲೆ, ಹೊಲಿಗೆಯನ್ನು ದಪ್ಪ ಬಟ್ಟೆಯ ಮೇಲೆ, ಪಟ್ಟಿ ಕಟ್ಟುವುದನ್ನು ಬೊಂಬೆಯ ಮೇಲೆ. ಶಾಸ್ತ್ರ ಎಷ್ಟೇ ಓದಿರಲಿ, ಕೈ ಪಳಗದವನು ಈ ಕೆಲಸಕ್ಕೆ ಯೋಗ್ಯನಲ್ಲ ಎಂಬುದೂ ಅಲ್ಲಿದೆ. ನೋಡಿದಿರಾ, ನಮ್ಮ ಈಳಿಗೆಮಣೆಯ ಮುಂದಿರುವ ತರಕಾರಿಯೇ ಆ ಕಾಲದ ವಿದ್ಯಾರ್ಥಿಗಳ ಮೊದಲ ಪಾಠ!

ಇಂದಿಗೂ ನಿಯಮ ಅದೇ. ಎಂ.ಬಿ.ಬಿ.ಎಸ್. ಓದುವ ಮಕ್ಕಳು ಆಪರೇಷನ್ ನೋಡುತ್ತಾರೆ, ಹೇಳಿದ ಸಣ್ಣ ಸಹಾಯ ಮಾಡುತ್ತಾರೆ. ಅದರ ಮೇಲೆ ಸರ್ಜರಿಯನ್ನೇ ಆರಿಸಿಕೊಂಡು ಓದುವ ಡಾಕ್ಟರುಗಳು ಗುರುಗಳ ಕಣ್ಣೆದುರಿನಲ್ಲಿ ಹಂತಹಂತವಾಗಿ ಕೈ ಹಾಕುತ್ತಾರೆ. ಮಗಳು ಮೊದಲ ಸಲ ಒಬ್ಬಟ್ಟು ತಟ್ಟುವಾಗ ನಾವು ಒಲೆಯ ಪಕ್ಕ ಬಿಟ್ಟು ಕದಲುತ್ತೇವೆಯೆ? ಹಾಗೆಯೇ ಇದೂ.

ಇಷ್ಟು ಹೇಳಿದ ಮೇಲೆ ಗೆಳತಿ ಅರೆಮನಸ್ಸಿನಿಂದ ಹೊರಟಳು. ಹತ್ತು ದಿನ ಕಳೆದು ನಗುತ್ತಾ ಬಂದಳು. ಆಪರೇಷನ್ ಕತೆಗಿಂತ ಹೆಚ್ಚಾಗಿ ಆ ಮೇಷ್ಟ್ರ ಕತೆಯನ್ನೇ ಹೇಳಿದಳು.

ಎಂಟು ಜನ ವಿದ್ಯಾರ್ಥಿಗಳ ಜೊತೆ ಅವರು ಮಂಚದ ಹತ್ತಿರ ಬಂದರಂತೆ. ಹುಡುಗನೊಬ್ಬ ಸರಕ್ಕನೆ ಹೊದಿಕೆ ಎಳೆಯಹೋದ. ಅವನ ಕೈ ಹಿಡಿದು, "ಮೊದಲು ಅಮ್ಮನ್ನ ಕೇಳಪ್ಪ" ಎಂದರು. ಪರದೆ ಎಳೆಸಿದರು. ಇಬ್ಬರನ್ನು ಮಾತ್ರ ಉಳಿಸಿಕೊಂಡು ಮಿಕ್ಕವರನ್ನು ಹೊರಗೆ ಕಳಿಸಿದರು. "ಕೈ ತಣ್ಣಗಿದ್ದರೆ ಉಜ್ಜಿ ಬೆಚ್ಚಗೆ ಮಾಡ್ಕೊ. ಹೊಟ್ಟೆ ಒತ್ತುವಾಗ ನಿನ್ನ ಕೈ ನೋಡಬೇಡ, ಅಮ್ಮನ ಮುಖ ನೋಡು. ನೋವು ಅಲ್ಲಿ ಕಾಣುತ್ತೆ" ಎಂದು ಹೇಳಿಕೊಟ್ಟರು. ಆಪರೇಷನ್ ಯಾರು ಮಾಡುತ್ತಾರೆ, ಪಕ್ಕದಲ್ಲಿ ಯಾರಿರುತ್ತಾರೆ ಎಂಬುದನ್ನು ಅವಳಿಗೆ ಬಿಡಿಸಿ ಹೇಳಿದ ಮೇಲೆಯೇ ಸಹಿ ತೆಗೆದುಕೊಂಡರು.

"ಅಕ್ಕಾ, ಇಂಥಾ ಮೇಷ್ಟ್ರಿಗೆ ಯಾರಾದರೂ ಏನಾದರೂ ಮರ್ಯಾದೆ ಮಾಡ್ತಾರಾ?" ಎಂದು ಕೇಳಿದಳು. ಒಳ್ಳೆಯ ಪ್ರಶ್ನೆ, ಅಲ್ಲವೆ?

ಮಾಡುತ್ತಾರೆ, ಆದರೆ ಕಡಿಮೆ. ಡಾ. ಬಿ.ಸಿ. ರಾಯ್ ಅವರ ಹೆಸರಿನಲ್ಲಿ 1962ರಲ್ಲಿ ಸ್ಥಾಪನೆಯಾದ ಪ್ರಶಸ್ತಿಯಲ್ಲಿ ಶ್ರೇಷ್ಠ ವೈದ್ಯ ಶಿಕ್ಷಕರಿಗೆಂದೇ ಒಂದು ವಿಭಾಗ ಇಟ್ಟರು. ನಮ್ಮ ನಾಡಿನ ಡಾ. ವಿಜಯಲಕ್ಷ್ಮಿ ದೇಶಮಾನೆ ಅವರಿಗೆ 2025ರಲ್ಲಿ ಪದ್ಮಶ್ರೀ ಬಂತು. ಕಲಬುರಗಿಯಲ್ಲಿ ತರಕಾರಿ ಮಾರುತ್ತಿದ್ದ ತಾಯಿಯ ಮಗಳು ಆಕೆ. ತಾನೂ ಬುಟ್ಟಿ ಹೊತ್ತವರು. ಮಗಳನ್ನು ಹುಬ್ಬಳ್ಳಿಯ ಮೆಡಿಕಲ್ ಕಾಲೇಜಿಗೆ ಸೇರಿಸಲು ಆ ತಾಯಿ ತನ್ನ ಮಾಂಗಲ್ಯವನ್ನೇ ಬಿಚ್ಚಿಕೊಟ್ಟರು. ಮಗಳು ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಯಲ್ಲಿ ಶಸ್ತ್ರಚಿಕಿತ್ಸೆಯ ಪ್ರಾಧ್ಯಾಪಕಿಯಾಗಿ, ನಿರ್ದೇಶಕಿಯಾಗಿ, ಸ್ತನ ಕ್ಯಾನ್ಸರಿನ ಎಷ್ಟೋ ಹೆಂಗಸರಿಗೆ ಆಸರೆಯಾದರು. ಸಂತೆಯಲ್ಲಿ ತರಕಾರಿ ಆರಿಸುವಾಗ ಗುಡ್ಡೆಯ ಹಿಂದೆ ಕೂತ ಹುಡುಗಿಯನ್ನು ಇನ್ನು ಮೇಲೆ ಒಂದು ಸಲ ಸರಿಯಾಗಿ ನೋಡಿ.

ಪದಕ, ಶಾಲು, ಫಲಕ ಎಲ್ಲವೂ ಬೇಕು. ಆದರೆ ಸರ್ಜರಿ ಕಲಿಸುವವರ ಹೆಚ್ಚುಗಾರಿಕೆ ಕಾಣುವುದು ತಡವಾಗಿ. ಶಿಷ್ಯ ಇಪ್ಪತ್ತು ವರ್ಷದ ಮೇಲೆ ಯಾವುದೋ ಸಣ್ಣ ಊರಿನಲ್ಲಿ ಒಬ್ಬ ತಾಯಿಯ ಮುಖ ನೋಡಿ ಕೈ ಹಗುರ ಮಾಡಿದನಲ್ಲ, ಅದರ ಪುಣ್ಯ ಗುರುವಿಗೆ ಸೇರಬೇಕು. ಆದರೆ ಅದು ಗುರುವಿಗೆ ಗೊತ್ತೇ ಆಗುವುದಿಲ್ಲ. ಮಂಚದ ಮೇಲೆ ಮಲಗಿದ್ದ ನಮಗೆ ಮಾತ್ರ ಗೊತ್ತು. 2019ರಿಂದ ವೈದ್ಯಕೀಯ ಪಠ್ಯದಲ್ಲೇ ನಡತೆ, ನೀತಿ, ರೋಗಿಯೊಡನೆ ಮಾತಾಡುವ ಬಗೆ ಇವನ್ನೂ ಸೇರಿಸಿದ್ದಾರೆ. ಆ ಪಾಠ ಸರಿಯಾಗಿ ನಡೆಯುತ್ತಿದೆಯೋ ಇಲ್ಲವೋ ಎಂದು ನಮಗಿಂತ ಚೆನ್ನಾಗಿ ಹೇಳುವವರು ಯಾರು?

ಆದ್ದರಿಂದ ಸೋದರಿಯರೆ, ಬೋಧನಾ ಆಸ್ಪತ್ರೆಗೆ ಹೋದಾಗ ಹೆದರಬೇಡಿ, ಬಾಯಿ ಕಟ್ಟಿಕೊಂಡೂ ಇರಬೇಡಿ. ಆಪರೇಷನ್ ಮಾಡುವವರು ಯಾರು ಎಂದು ಕೇಳಿ. ಪರೀಕ್ಷೆಯ ಹೊತ್ತಿನಲ್ಲಿ ನರ್ಸಮ್ಮ ಪಕ್ಕದಲ್ಲಿರಲಿ ಎನ್ನಿ. ವಿದ್ಯಾರ್ಥಿಗಳು ಬೇಡವೆನಿಸಿದರೆ ಬೇಡವೆನ್ನಿ. ಅದಕ್ಕಾಗಿ ನಿಮ್ಮ ಚಿಕಿತ್ಸೆ ನಿಲ್ಲಕೂಡದು. ಆದರೆ ಮರ್ಯಾದೆಯಿಂದ ಕೇಳಿದರೆ ದಯವಿಟ್ಟು ಒಪ್ಪಿ. ನಾಳೆ ನಮ್ಮ ಮೊಮ್ಮಕ್ಕಳಿಗೆ ಔಷಧಿ ಕೊಡುವ ಕೈಗಳು ಅವು.

ಒಳ್ಳೆಯ ಗುರು ಸಿಕ್ಕಿದರೆ ಮನೆಗೆ ಬಂದ ಮೇಲೆ ಆಸ್ಪತ್ರೆಯ ಮುಖ್ಯಸ್ಥರಿಗೆ ನಾಲ್ಕು ಸಾಲು ಬರೆಯಿರಿ: ಗುರುವಿನ ಹೆಸರು, ವಾರ್ಡು, ದಿನ, ಅವರು ಏನು ಮಾಡಿದರು ಎಂಬುದು. ನನ್ನ ಗೆಳತಿಗೆ ಬರೆಯುವ ಅಭ್ಯಾಸವಿಲ್ಲ. ಅವಳು ಹೇಳುತ್ತಾ ಹೋದಳು, ನಾನು ಬರೆದೆ. ಕೊನೆಯಲ್ಲಿ ಸಹಿ ಮಾತ್ರ ತಾನೇ ಹಾಕುತ್ತೇನೆಂದು ಪೆನ್ನು ಕಿತ್ತುಕೊಂಡಳು.