ಒಂದೇ ಅರ್ಜಿಯ ನೂರೈವತ್ತು ಪ್ರತಿಗಳು

ಪತ್ರಲೇಖನದ ಪಾಠ ಮಾಡುವಾಗ ನಾನು ಕಪ್ಪುಹಲಗೆಯ ಮೇಲೆ 'ಇವರಿಂದ', 'ಇವರಿಗೆ', 'ಮಾನ್ಯರೇ' ಎಂದು ಬರೆದು ನಡುವೆ ಜಾಗ ಬಿಡುತ್ತಿದ್ದೆ. ನಿಮ್ಮಲ್ಲಿ ಹಲವರಿಗೆ ನೆನಪಿರಬಹುದು. ಉದ್ಯೋಗ ಕೋರುವ ಅರ್ಜಿಯಲ್ಲಿ ನಮೂನೆ ತಪ್ಪದಿದ್ದರೆ ಪೂರ್ಣ ಅಂಕ. ತರಗತಿಯ ನಲವತ್ತು ಮಕ್ಕಳೂ ಹೆಸರೊಂದನ್ನು ಬಿಟ್ಟು ಅಕ್ಷರಶಃ ಒಂದೇ ಅರ್ಜಿ ಬರೆದರೆ ನನಗೆ ಸಂತೋಷವಾಗುತ್ತಿತ್ತು. ಆ ಪಾಠ ಅರ್ಧಪಾಠವೆಂದು ತಿಳಿದದ್ದು ನಿವೃತ್ತಿಯ ನಂತರ.

ಕಳೆದ ತಿಂಗಳು ಹಳೆಯ ವಿದ್ಯಾರ್ಥಿಯೊಬ್ಬ ಮನೆಗೆ ಬಂದಿದ್ದ. ಬಿ.ಕಾಂ. ಮುಗಿಸಿ ಎರಡು ವರ್ಷವಾಗಿದೆ. "ನೂರೈವತ್ತು ಕಡೆ ಅರ್ಜಿ ಹಾಕಿದೆ ಸರ್, ಒಬ್ಬರೂ ಉತ್ತರಿಸಲಿಲ್ಲ" ಎಂದ. ಬಯೊಡೇಟಾ ಓದಿದೆ. ಪರಿಶ್ರಮಿ, ಪ್ರಾಮಾಣಿಕ, ಎಲ್ಲರೊಡನೆ ಹೊಂದಿಕೊಳ್ಳುವವನು ಎಂದಿತ್ತು. ವಿಮಾ ಕಂಪನಿಗೂ ಆಸ್ಪತ್ರೆಗೂ ಸಿದ್ಧ ಉಡುಪಿನ ಕಾರ್ಖಾನೆಗೂ ಅದೇ ಪುಟ ಹೋಗಿತ್ತು. ನಾನು ಕಲಿಸಿದ ನಮೂನೆಯೇ, ಗಣಕಯಂತ್ರದಲ್ಲಿ.

"ಈ ಎರಡು ವರ್ಷ ಏನು ಮಾಡುತ್ತಿದ್ದೆಯಪ್ಪಾ?"

"ಸುಮ್ಮನೆ ಮನೆಯಲ್ಲಿದ್ದೆ ಸರ್. ಊರಿನ ಡೇರಿಯ ಲೆಕ್ಕ ಬರೆಯುತ್ತಿದ್ದೆ, ಅಷ್ಟೆ."

ಕೆದಕಿ ಕೇಳಿದಾಗ ಆ 'ಅಷ್ಟೆ'ಯೊಳಗಿಂದ ಒಂದೊಂದೇ ಹೊರಬಂತು. ದಿನಕ್ಕೆರಡು ಹೊತ್ತು, ಎಂಬತ್ತು ಮನೆಗಳ ಹಾಲಿನ ಅಳತೆ. ಜಿಡ್ಡಿನಂಶಕ್ಕೆ ತಕ್ಕ ದರ. ಪಶು ಆಹಾರದ ಬಾಕಿ ಮುರಿದುಕೊಂಡು ಬಟವಾಡೆ. ಎರಡು ವರ್ಷದಲ್ಲಿ ಒಂದು ತಕರಾರೂ ಉಳಿದಿರಲಿಲ್ಲವಂತೆ. ಹಾಲಿನ ಹಣದ ವಿಚಾರದಲ್ಲಿ ಹಳ್ಳಿಯವರನ್ನು ಒಪ್ಪಿಸುವುದು ಎಷ್ಟು ಕಷ್ಟವೆಂಬುದನ್ನು ಬಲ್ಲವರೇ ಬಲ್ಲರು! ಅರ್ಜಿಯಲ್ಲಿ ಇದರ ಒಂದು ಸಾಲೂ ಇರಲಿಲ್ಲ. "ಅದೂ ಒಂದು ಕೆಲಸವೇ ಸರ್?" ಎಂದು ನನ್ನನ್ನೇ ಕೇಳಿದ.

ಅವನಿಗೆ ಲಿಯೊನಾರ್ಡೊ ಡ ವಿಂಚಿಯ ಕಥೆ ಹೇಳಿದೆ. ಸುಮಾರು 1482ರಲ್ಲಿ ಆತ ಮಿಲಾನಿನ ಆಳರಸ ಲುಡೊವಿಕೊ ಸ್ಫೋರ್ಜಾನಿಗೆ ಸಿದ್ಧಪಡಿಸಿದ ಉದ್ಯೋಗಕೋರಿಕೆಯ ಕರಡು ಇಂದಿಗೂ ಉಳಿದಿದೆ. ಅದರಲ್ಲಿ ಮೊದಲು ಬರುವುದು ಹೊತ್ತೊಯ್ಯಬಲ್ಲ ಹಗುರ ಸೇತುವೆ, ಕೋಟೆ ಮುತ್ತಿಗೆಯ ಉಪಾಯ, ಫಿರಂಗಿ. ಚಿತ್ರಕಲೆಯ ಪ್ರಸ್ತಾಪ ಕೊನೆಯಲ್ಲಿ. ತಾನು ಯಾವುದರಲ್ಲಿ ದೊಡ್ಡವನೆಂಬುದಕ್ಕಿಂತ ಆ ಅರಸನಿಗೆ ಯಾವುದು ಬೇಕೆಂಬುದನ್ನು ಆತ ಮೊದಲು ಯೋಚಿಸಿದ್ದ.

ನೂರೈವತ್ತರ ಬದಲು ಹತ್ತು ಸಂಸ್ಥೆಗಳನ್ನು ಆರಿಸಿಕೊಂಡು, ಪ್ರತಿಯೊಂದರ ಕೆಲಸವೇನೆಂದು ತಿಳಿದು, ಅದಕ್ಕೆ ಒದಗುವ ತನ್ನ ಅನುಭವವನ್ನು ಮೊದಲ ಸಾಲಿನಲ್ಲಿಡಬೇಕೆಂಬುದು ನನ್ನ ಅಭಿಪ್ರಾಯ. ತಿಂಗಳು ತಿಂಗಳು ಪಿಂಚಣಿ ಎಣಿಸುವವನಿಗೆ ಹೀಗೆ ಹೇಳುವುದು ಸುಲಭ, ಒಪ್ಪುತ್ತೇನೆ. ಮನೆಯಲ್ಲಿ ದಿನವೂ 'ಏನಾಯಿತು?' ಎಂದು ಕೇಳಿಸಿಕೊಳ್ಳುವ ಹುಡುಗನಿಗೆ ಸಿಕ್ಕಸಿಕ್ಕಲ್ಲಿ ಅರ್ಜಿ ಹಾಕುವುದೇ ಒಂದು ಸಮಾಧಾನ. ಆದರೆ ಆ ಸಮಾಧಾನವೇ ಅವನ ಎರಡು ವರ್ಷವನ್ನು ನುಂಗಿತು.

ಮೊನ್ನೆ ಹೊಸ ಅರ್ಜಿ ತಂದಿದ್ದ, ಹಾಲಿನ ಉತ್ಪನ್ನಗಳ ಸಂಸ್ಥೆಯೊಂದರ ಲೆಕ್ಕಪತ್ರ ವಿಭಾಗಕ್ಕೆ. ಎಂಬತ್ತು ಮನೆಗಳ ಬಟವಾಡೆ ಮೊದಲ ಸಾಲಿನಲ್ಲೇ ಇತ್ತು. ನಾನು ಒಂದು ಅಲ್ಪವಿರಾಮ ತಿದ್ದಿದೆನಷ್ಟೆ. ಉತ್ತರ ಇನ್ನೂ ಬಂದಿಲ್ಲ. ನಿಮ್ಮಲ್ಲಿ ಇಂಥ ಕೆಲಸದಲ್ಲಿರುವವರು ಯಾರಾದರೂ ಇದ್ದರೆ ನನಗೆ ಬರೆಯಿರಿ. ಶಿಫಾರಸು ಬೇಡ, ಅಲ್ಲಿ ದಿನವೂ ಏನು ಕೆಲಸವಿರುತ್ತದೆಂದು ಅವನಿಗೆ ಅರ್ಧ ಗಂಟೆ ಹೇಳಿದರೆ ಸಾಕು.