ಒಂದು ಗುಂಟೆಗೆ ಒಂದು ಚುಕ್ಕೆ

ಯುರೋಪಿನ ಸೆಂಟಿನೆಲ್-2 ಉಪಗ್ರಹಗಳು ಭೂಮಿಯ ಚಿತ್ರವನ್ನು ಹತ್ತು ಮೀಟರ್ ಉದ್ದ, ಹತ್ತು ಮೀಟರ್ ಅಗಲದ ಚುಕ್ಕೆಗಳಾಗಿ ಸೆರೆಹಿಡಿಯುತ್ತವೆ. ಒಂದು ಚುಕ್ಕೆಯೆಂದರೆ ನೂರು ಚದರ ಮೀಟರ್. ಹೆಚ್ಚುಕಡಿಮೆ ಒಂದು ಗುಂಟೆ. ರಾಯಬಾಗದ ರೈತನೊಬ್ಬನ ಎರಡು ಎಕರೆ ಕಬ್ಬು ಆ ಚಿತ್ರದಲ್ಲಿ ಎಂಬತ್ತು ಚುಕ್ಕೆಗಳು. ಬದುವಿನ ಮೇಲೆ ಬಿದ್ದವು ಅರ್ಧ ಅವನವು, ಅರ್ಧ ನೆರೆಯವನವು. ಸುಮಾರು ಐದು ದಿನಗಳಿಗೊಮ್ಮೆ ದೊರೆಯುವ ಈ ಚಿತ್ರಗಳನ್ನು ಯಾರು ಬೇಕಾದರೂ ಉಚಿತವಾಗಿ ಪಡೆಯಬಹುದು. ಅವನ್ನು ಓದಬಲ್ಲ ಯಂತ್ರಕಲಿಕೆಯ ತಂತ್ರಾಂಶಗಳೂ ಮುಕ್ತವಾಗಿವೆ. 2007ರಲ್ಲಿ ವಿದ್ಯಾರ್ಥಿಯೊಬ್ಬನ ಬೇಸಿಗೆಯ ಕೆಲಸವಾಗಿ ಆರಂಭವಾದ ಸೈಕಿಟ್-ಲರ್ನ್ ಇಂದು ಜಗತ್ತಿನಾದ್ಯಂತ ಬಳಕೆಯಲ್ಲಿದೆ. ಕೃಷಿಗೆಂದೇ ರೂಪಿಸಿದ ಫಾರ್ಮ್‌ವೈಬ್ಸ್ ತಂತ್ರಾಂಶವನ್ನು ಮೈಕ್ರೋಸಾಫ್ಟ್ 2022ರಲ್ಲಿ ಮುಕ್ತಗೊಳಿಸಿತು.

ಚಿತ್ರವಿದೆ, ತಂತ್ರಾಂಶವಿದೆ, ಪಾಠ ಹೇಳುವವರು ಮಾತ್ರ ಇಲ್ಲ. ‘ಈ ಚುಕ್ಕೆ ಕಬ್ಬು, ಈ ಚುಕ್ಕೆ ತಂಬಾಕು’ ಎಂದು ಬಲ್ಲವರು ಸಾವಿರಾರು ಸಲ ತೋರಿಸಿಕೊಟ್ಟ ಮೇಲೆಯೇ ಯಂತ್ರವು ತಾನು ಕಾಣದ ಹೊಲದ ಬೆಳೆಯನ್ನು ಊಹಿಸಬಲ್ಲದು. ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ತಾಲ್ಲೂಕುಗಳಲ್ಲಿ ಈ ಪಾಠ ಸುಲಭದ್ದಲ್ಲ. ಎಳೆಯ ಕಬ್ಬಿನ ಸಾಲುಗಳ ನಡುವೆ ಸೋಯಾ ಅವರೆಯನ್ನೋ ಕಡಲೆಯನ್ನೋ ಹಾಕಿದ್ದರೆ ಮೇಲಿನಿಂದ ಎದ್ದು ಕಾಣುವುದು ಅದೇ. ನಾಟಿ ಕಬ್ಬೂ ಕುಳೆ ಕಬ್ಬೂ ಎದೆಯೆತ್ತರ ಬೆಳೆದ ಮೇಲೆ ಒಂದೇ ಹಸಿರು. ಇಳುವರಿ ಮಾತ್ರ ಬೇರೆ ಬೇರೆ. ಅಡಸಾಲಿ ಕಬ್ಬು ಒಂದೂವರೆ ವರ್ಷ ನೆಲದಲ್ಲಿರುವುದರಿಂದ ಒಂದು ವರ್ಷದ ಚಿತ್ರಗಳನ್ನಷ್ಟೇ ನೋಡಿ ಹಾಕಿದ ಲೆಕ್ಕ ತಪ್ಪುತ್ತದೆ. ಇವೆಲ್ಲಕ್ಕಿಂತ ಅಪಾಯಕಾರಿಯಾದುದು ಇನ್ನೊಂದು. ಅಥಣಿ, ಕಾಗವಾಡಗಳ ನದಿದಂಡೆಯಲ್ಲಿ ಅತಿ ನೀರಾವರಿಯಿಂದ ಸವಳು-ಜವಳಾದ ತಾಕುಗಳಿವೆ. ಅಲ್ಲಿ ಸೊರಗಿದ ಬೆಳೆಯನ್ನು ಕಂಡ ಯಂತ್ರ, ನೀರಿಲ್ಲದೆ ಬಾಡಿದ್ದೆಂದು ಓದಬಹುದು. ಆ ತಪ್ಪು ಓದಿನಿಂದ ಹೊರಡುವ ಸಲಹೆ: ‘ಇನ್ನಷ್ಟು ನೀರು ಹಾಯಿಸಿ.’

ಇದು ಬರಿಯ ಆತಂಕವಲ್ಲ. 2016ರಲ್ಲಿ ಪ್ರಕಟವಾದ ಒಂದು ಪ್ರಸಿದ್ಧ ಅಧ್ಯಯನ ಪ್ಲಾಂಟ್‌ವಿಲೇಜ್ ಸಂಗ್ರಹದ ಐವತ್ತನಾಲ್ಕು ಸಾವಿರಕ್ಕೂ ಹೆಚ್ಚು ಎಲೆಗಳ ಚಿತ್ರಗಳಿಂದ ಬೆಳೆರೋಗ ಗುರುತಿಸಲು ಯಂತ್ರಕ್ಕೆ ಕಲಿಸಿತು. ಅದೇ ಸಂಗ್ರಹದ ಚಿತ್ರಗಳ ಮೇಲೆ ಪರೀಕ್ಷಿಸಿದಾಗ ಅದು ನೂರಕ್ಕೆ 99ರಷ್ಟು ಸರಿಯಾಗಿ ಹೇಳಿತು. ಬೇರೆ ಸನ್ನಿವೇಶದಲ್ಲಿ ತೆಗೆದ ಚಿತ್ರಗಳನ್ನು ಕೊಟ್ಟಾಗ ಸರಿಯುತ್ತರ ನೂರಕ್ಕೆ 31ರ ಆಸುಪಾಸಿಗೆ ಕುಸಿಯಿತು. ಆ ಸಂಗ್ರಹದಲ್ಲಿದ್ದುದು ಹದಿನಾಲ್ಕು ಬೆಳೆಗಳು: ಸೇಬು, ಸ್ಟ್ರಾಬೆರಿ, ದ್ರಾಕ್ಷಿ, ಆಲೂಗಡ್ಡೆ ಮುಂತಾದವು. ಕಬ್ಬಿಲ್ಲ, ತಂಬಾಕಿಲ್ಲ. ಅಡಿಕೆಯ ಮಾತಂತೂ ಬೇಡ.

ಮಲೆನಾಡಿನ ಓದುಗರಿಗೆ ಇದು ಬಯಲಿನವರ ಸಮಸ್ಯೆ ಎನಿಸಬಹುದು. ಆದರೆ ಆ ಬಯಲಿನ ನೀರು ಹುಟ್ಟುವುದು ಸಹ್ಯಾದ್ರಿಯ ಮಡಿಲಲ್ಲಿಯೇ. ಕೃಷ್ಣೆ, ದೂಧಗಂಗೆ, ವೇದಗಂಗೆ, ಘಟಪ್ರಭೆ ಎಲ್ಲವೂ ಬೆಟ್ಟದ ಮಕ್ಕಳು. ಬೇಸಿಗೆಯಲ್ಲಿ ಕೃಷ್ಣೆ ಬತ್ತಿದಾಗ ಕೊಯ್ನಾದಿಂದ ನೀರು ಬಿಡಿರೆಂದು ಕರ್ನಾಟಕವು ಮಹಾರಾಷ್ಟ್ರವನ್ನು ಕೇಳುವುದು ಹೊಸತಲ್ಲ. ಕೆಳಗೆ ಎಷ್ಟು ಎಕರೆ ಕಬ್ಬಿದೆ, ಅದರಲ್ಲಿ ಎಷ್ಟು ಬಾಯಾರಿದೆ, ಎಷ್ಟು ನೀರುಂಡು ಕೆಟ್ಟಿದೆ ಎಂಬ ಲೆಕ್ಕ ತಪ್ಪಾದರೆ, ಮುಂದಿನ ಅಣೆಕಟ್ಟಿನ, ಮುಂದಿನ ತಿರುವು ಯೋಜನೆಯ ಬೇಡಿಕೆ ಬೆಟ್ಟದ ಬಾಗಿಲಿಗೇ ಬರುತ್ತದೆ.

ಲೆಕ್ಕ ಯಾರ ಕೈಯಲ್ಲಿದೆ ಎಂಬುದೂ ಅಷ್ಟೇ ಮುಖ್ಯ. ಕಬ್ಬು ಯಾವಾಗ ಕಡಿಯಬೇಕೆಂಬ ಸರದಿಯನ್ನು ನಿರ್ಧರಿಸುವುದು ಕಾರ್ಖಾನೆ. ಸರದಿ ತಡವಾಗಿ ಸೂಲಂಗಿ ಒಡೆದು ತೂಕ ಇಳಿದ ಕಬ್ಬಿನ ನಷ್ಟ ಬೆಳೆದವನದು. ಗಡಿಯಾಚೆಯ ಬಾರಾಮತಿಯಲ್ಲಿ ಕೃಷಿ ಅಭಿವೃದ್ಧಿ ಟ್ರಸ್ಟ್ ಮೈಕ್ರೋಸಾಫ್ಟ್‌ನೊಡನೆ ಸೇರಿ ಕಬ್ಬಿಗೆ ಈ ತಂತ್ರಜ್ಞಾನವನ್ನು ಪ್ರಯೋಗಿಸಿದೆ; ಅದು ಕೃಷ್ಣೆಯ ದಂಡೆಗೂ ಬಂದೇ ಬರುತ್ತದೆ. ಯಾವ ಹೊಲ ಯಾವ ವಾರ ಪಕ್ವವಾಯಿತೆಂಬ ನಕಾಶೆ ಒಂದೇ ಕಡೆಯವರ ಗಣಕದಲ್ಲಿ ಬೀಗ ಹಾಕಿಕೊಂಡಿದ್ದರೆ ರೈತ ಯಾವ ಆಧಾರದ ಮೇಲೆ ವಾದಿಸಬೇಕು? 1981ರಲ್ಲಿ ನಿಪ್ಪಾಣಿಯ ತಂಬಾಕು ಬೆಳೆಗಾರರು ಹೆದ್ದಾರಿಯ ಮೇಲೆ ಕುಳಿತಾಗ ಇದ್ದ ಪ್ರಶ್ನೆ, ಬೆಲೆ ಕಟ್ಟುವ ಅಧಿಕಾರ ಯಾರದು ಎಂಬುದಾಗಿತ್ತು. ಈಗ ಅಳೆಯುವ ಅಧಿಕಾರ ಯಾರದು ಎಂಬುದೂ ಅದರೊಡನೆ ಸೇರಿದೆ.

ಮುಕ್ತ ತಂತ್ರಾಂಶಕ್ಕೆ ಕೊಡುಗೆಯೆಂದರೆ ಕೋಡ್ ಬರೆಯುವುದೊಂದೇ ಎಂಬ ಭಾವನೆ ಕಾಲೇಜುಗಳಲ್ಲಿ ಬಲವಾಗಿದೆ. ಯಂತ್ರ ಎಲ್ಲಿ ಎಡವಿತೆಂದು ಚಿತ್ರಸಹಿತ ವರದಿ ಮಾಡುವುದು, ಬಳಕೆಯ ಸೂಚನೆಗಳನ್ನು ಕನ್ನಡಕ್ಕೂ ಮರಾಠಿಗೂ ತರುವುದು, ನೆಲದ ಮಾಹಿತಿಯನ್ನು ಒದಗಿಸುವುದು ಇವೆಲ್ಲವೂ ಅಷ್ಟೇ ತೂಕದ ಕೊಡುಗೆಗಳು. ಕೋಡನ್ನು ಬೆಂಗಳೂರಿನಲ್ಲಿ ಕುಳಿತೂ ಬರೆಯಬಹುದು. ಕುಳೆ ಕಬ್ಬು ಯಾವುದೆಂದು ಹೊಲಕ್ಕೆ ಹೋದವನೇ ಹೇಳಬೇಕು. ನಿಪ್ಪಾಣಿಯಲ್ಲಿಯೂ ಸಂಕೇಶ್ವರದಲ್ಲಿಯೂ ಧಾರವಾಡ ಕೃಷಿ ವಿಶ್ವವಿದ್ಯಾಲಯದ ಸಂಶೋಧನಾ ಕೇಂದ್ರಗಳಿವೆ. ವಿದ್ಯಾರ್ಥಿಗಳು ಸಂಗ್ರಹಿಸಿದ್ದನ್ನು ಪರಿಶೀಲಿಸಬಲ್ಲವರು ಅಲ್ಲಿದ್ದಾರೆ.

ಎಚ್ಚರವೂ ಬೇಕು. ‘ಮುಕ್ತ’ ಎಂಬ ಹೆಸರಿನ ಪರವಾನಗಿಗಳೆಲ್ಲ ಒಂದೇ ಅಲ್ಲ. ಫಾರ್ಮ್‌ವೈಬ್ಸ್ ಬಂದುದು ಎಂಐಟಿ ಪರವಾನಗಿಯಡಿ. ಅಂಥದನ್ನು ಪಡೆದು ಸುಧಾರಿಸಿದವರು ತಮ್ಮ ಸುಧಾರಣೆಯನ್ನು ಬಚ್ಚಿಟ್ಟುಕೊಳ್ಳಬಹುದು. ಓಪನ್‌ಸ್ಟ್ರೀಟ್‌ಮ್ಯಾಪ್ ನಕಾಶೆಯ ದತ್ತಾಂಶಕ್ಕಿರುವ ಪರವಾನಗಿ, ಅದರಿಂದ ಕಟ್ಟಿ ಸಾರ್ವಜನಿಕವಾಗಿ ಬಳಸಿದ ದತ್ತಸಂಚಯವನ್ನು ಅದೇ ಷರತ್ತಿನಲ್ಲಿ ಹಂಚಬೇಕೆನ್ನುತ್ತದೆ. ಹಳ್ಳಿಯ ಹೊಲಗಳ ಮಾಹಿತಿಗೆ ಎರಡನೆಯದೇ ತಕ್ಕುದು. ಕಾರ್ಖಾನೆಯೂ ಅದನ್ನು ಬಳಸಲಿ; ಬಳಸಿ ಬೆಳೆಸಿದ್ದನ್ನು ಹಿಂದಿರುಗಿಸಲಿ. ರೈತನ ಹೆಸರು, ಸರ್ವೆ ನಂಬರು ಮಾತ್ರ ಅದರೊಳಗೆ ಹೋಗಕೂಡದು. ಅವನನ್ನು ಕೇಳದೆ ಹೊಲಕ್ಕೆ ಕಾಲಿಡಲೂಬಾರದು.

2019ರ ಆಗಸ್ಟ್‌ನಲ್ಲಿಯೂ 2021ರ ಜುಲೈಯಲ್ಲಿಯೂ ಕೃಷ್ಣೆ ದಡ ಮೀರಿ ಕಬ್ಬಿನ ಗದ್ದೆಗಳನ್ನು ನುಂಗಿದಾಗ ಆಕಾಶದ ತುಂಬ ಮೋಡವಿತ್ತು. ಸಾಮಾನ್ಯ ಉಪಗ್ರಹ ಚಿತ್ರಕ್ಕೆ ಅಂಥ ದಿನಗಳಲ್ಲಿ ನೆಲವೇ ಕಾಣದು. ಸೆಂಟಿನೆಲ್-1ರ ರೇಡಾರ್ ಮೋಡವನ್ನು ತೂರಿ ನೀರನ್ನು ಕಾಣಬಲ್ಲದು. ಆದರೆ ಎತ್ತರದ ಕಬ್ಬಿನ ಬುಡದಲ್ಲಿ ನಿಂತ ನೀರು ಅದಕ್ಕೂ ಕಷ್ಟ. ಎಷ್ಟು ದಿನ ನಿಂತಿತ್ತೆಂದು ಹೇಳಬಲ್ಲವರು ದಂಡೆಯವರೇ, ಮತ್ತು ಪರಿಹಾರದ ಪ್ರಶ್ನೆ ಬಂದಾಗ ಅದೇ ಸಾಕ್ಷಿ.

ಅಡಸಾಲಿ ನಾಟಿ ಜುಲೈಯಲ್ಲಿ ತೊಡಗುತ್ತದೆ. ಆಸಕ್ತ ವಿದ್ಯಾರ್ಥಿಗಳು ಬದುವಿನಿಂದ ಎರಡು ಚುಕ್ಕೆಯಷ್ಟು, ಅಂದರೆ ಇಪ್ಪತ್ತು ಮೀಟರ್ ಒಳಗೆ ನಿಂತು ಮೊಬೈಲಿನಲ್ಲಿ ಸ್ಥಾನವನ್ನು ಗುರುತಿಸಿಕೊಳ್ಳಲಿ. ಬೆಳೆ, ನಾಟಿಯೋ ಕುಳೆಯೋ, ನೆಟ್ಟ ದಿನ, ಅಂತರ ಬೆಳೆ, ನೀರಿನ ಮೂಲ, ಸವಳಿನ ಬಿಳಿ ಪದರವಿದ್ದರೆ ಅದು, ಇಷ್ಟನ್ನು ಬರೆದುಕೊಂಡು ತಿಂಗಳಿಗೊಮ್ಮೆ ಅದೇ ಜಾಗಕ್ಕೆ ಮರಳಿದರೆ ಒಂದು ಹೊಲದ ಪಾಠ ಕಬ್ಬು ಕಡಿಯುವ ಹೊತ್ತಿಗೆ ಪೂರ್ಣವಾಗುತ್ತದೆ.