ಒಪ್ಪಂದ ಅಂದ್ರೆ ಒಪ್ಪಂದ, ಸರಿ. ಆದ್ರೆ ಅದು ಕಟ್ಟಿಹಾಕೋದು ಯಾರನ್ನ?

2025ರ ಆಗಸ್ಟ್ 19ರಂದು ನ್ಯೂಕಾಸಲ್ ಯುನೈಟೆಡ್‌ನ ಸ್ಟ್ರೈಕರ್ ಅಲೆಕ್ಸಾಂಡರ್ ಇಸಾಕ್ ಒಂದು ಪೋಸ್ಟ್ ಹಾಕಿದರು. ಕೊಟ್ಟ ಮಾತು ಮುರಿದಿದೆ, ನಂಬಿಕೆ ಹೋಗಿದೆ, ಇನ್ನು ಈ ಸಂಬಂಧ ಮುಂದುವರಿಯಲ್ಲ ಎನ್ನುವುದು ಅದರ ಸಾರಾಂಶ. ಕ್ಲಬ್ಬಿನಿಂದ ಕೂಡಲೇ ಉತ್ತರ ಬಂತು: ಇಸಾಕ್ ಜೊತೆ ಒಪ್ಪಂದ ಜಾರಿಯಲ್ಲಿದೆ, ಈ ಬೇಸಿಗೆಯಲ್ಲಿ ಬಿಟ್ಟುಕೊಡುತ್ತೇವೆ ಅಂತ ನಮ್ಮವರು ಯಾರೂ ಮಾತು ಕೊಟ್ಟಿಲ್ಲ. ಇದಾಗಿ ಎರಡು ವಾರವೂ ಕಳೆದಿರಲಿಲ್ಲ, ಸೆಪ್ಟೆಂಬರ್ 1ರಂದು ಅದೇ ಕ್ಲಬ್ ಅವರನ್ನು 12.5 ಕೋಟಿ ಪೌಂಡ್‌ಗೆ ಲಿವರ್‌ಪೂಲ್‌ಗೆ ಮಾರಿತು. ನಮ್ಮ ದುಡ್ಡಲ್ಲಿ 1,400 ಕೋಟಿ ರೂಪಾಯಿಗೂ ಹೆಚ್ಚು. ಬ್ರಿಟನ್ನಿನ ಫುಟ್‌ಬಾಲ್‌ನಲ್ಲಿ ಅಲ್ಲಿಯವರೆಗೆ ಯಾವ ಆಟಗಾರನಿಗೂ ಅಷ್ಟು ಬೆಲೆ ಕಟ್ಟಿರಲಿಲ್ಲ.

ಆ ದಿನಗಳಲ್ಲಿ ನನ್ನ ಫುಟ್‌ಬಾಲ್ ಗೆಳೆಯರಲ್ಲಿ ಮುಕ್ಕಾಲು ಪಾಲು ಜನ ಒಂದೇ ಮಾತು ಹೇಳ್ತಿದ್ರು: "ಸೈನ್ ಹಾಕಿದ ಮೇಲೆ ಮುಗೀತು. 2028ರವರೆಗೆ ಆಡ್ಬೇಕು. ಆಡಲ್ಲ ಅಂತ ಕೂತ್ಕೊಳ್ಳೋದು ಯಾವ ನ್ಯಾಯ?" ಕೇಳೋಕೆ ಸರಿಯಾಗೇ ಇದೆ. ಆದ್ರೆ ಈ ಜಗಳ ಶುರುವಾಗಿದ್ದು ಅಲ್ಲಿಂದಲ್ಲ. ಕ್ಲಬ್ ಬಿಡೋ ಮಾತು ಬಂದಿದ್ದು ಆಮೇಲೆ. ಮೊದಲಿದ್ದ ಪ್ರಶ್ನೆ ಇದು: ಒಬ್ಬ ಆಟಗಾರ ತನ್ನ ಸಂಬಳ ನಿಗದಿಯಾದಾಗ ಇದ್ದದ್ದಕ್ಕಿಂತ ಎಷ್ಟೋ ದೊಡ್ಡ ಆಟಗಾರನಾಗಿ ಬೆಳೆದರೆ, ಒಪ್ಪಂದ ಮುಗಿಯೋಕೆ ಇನ್ನೂ ವರ್ಷಗಳು ಬಾಕಿ ಇರುವಾಗಲೇ ಅದನ್ನು ತೆಗೆದು ಮತ್ತೆ ಮಾತಾಡಬೇಕಾ? ನನ್ನ ಉತ್ತರ ಹೌದು. ಯಾಕೆ ಅಂತ ಹೇಳ್ತೀನಿ, ಜೊತೆಗೆ ಆ ಹೌದಿನಲ್ಲಿರುವ ಒಂದು ಬಲೆಯನ್ನೂ ತೋರಿಸ್ತೀನಿ.

ಮೊದಲು ಇಸಾಕ್ ಏನು ಮಾಡಿದರು ನೋಡೋಣ. 2022ರ ಆಗಸ್ಟ್‌ನಲ್ಲಿ ಸ್ಪೇನಿನ ರಿಯಲ್ ಸೊಸಿಯೆದಾದ್‌ನಿಂದ ಬಂದಾಗ ನ್ಯೂಕಾಸಲ್ ಕೊಟ್ಟಿದ್ದು ಸುಮಾರು 6 ಕೋಟಿ ಪೌಂಡ್, ಆರು ವರ್ಷದ ಒಪ್ಪಂದ. 2023-24ರಲ್ಲಿ ಪ್ರೀಮಿಯರ್ ಲೀಗ್‌ನಲ್ಲಿ 21 ಗೋಲು. ಮುಂದಿನ ಸೀಸನ್‌ನಲ್ಲಿ 23. 2025ರ ಮಾರ್ಚ್ 16ರಂದು ವೆಂಬ್ಲಿಯಲ್ಲಿ ನಡೆದ ಲೀಗ್ ಕಪ್ ಫೈನಲ್‌ನಲ್ಲಿ, ಅದೂ ಇದೇ ಲಿವರ್‌ಪೂಲ್ ವಿರುದ್ಧ, ಎರಡನೇ ಗೋಲು ಅವರದ್ದು. ನ್ಯೂಕಾಸಲ್‌ಗೆ 1955ರ ನಂತರ ಬಂದ ಮೊದಲ ದೇಶೀಯ ಟ್ರೋಫಿ ಅದು. ಎಪ್ಪತ್ತು ವರ್ಷ! ಆರ್‌ಸಿಬಿಗಾಗಿ 18 ವರ್ಷ ಕಾದು ಸುಸ್ತಾಗಿದ್ದ ನಮಗೆ ಆ ಊರಿನವರ ಖುಷಿಯನ್ನು ಬಿಡಿಸಿ ಹೇಳಬೇಕಾಗಿಲ್ಲ. ಐದು ತಿಂಗಳ ನಂತರದ ಅವರ ಸಿಟ್ಟನ್ನೂ ಅಷ್ಟೇ.

ಈ ಮಧ್ಯೆ ಕ್ಲಬ್ ಬೇರೆಯವರ ಒಪ್ಪಂದಗಳನ್ನು ಮುಟ್ಟಲೇ ಇಲ್ಲ ಅಂತಲ್ಲ. ಬ್ರೂನೊ ಗಿಮರೇಶ್ 2022ರ ಜನವರಿಯಲ್ಲಿ ಬಂದವರು. 2023ರ ಅಕ್ಟೋಬರ್‌ನಲ್ಲೇ ಅವರಿಗೆ ಹೊಸ ಒಪ್ಪಂದ ಸಿಕ್ಕಿತು. ಆಂಥನಿ ಗಾರ್ಡನ್ 2023ರ ಜನವರಿಯಲ್ಲಿ ಬಂದರು, 2024ರ ಅಕ್ಟೋಬರ್‌ನಲ್ಲಿ ಅವರಿಗೂ ಸಿಕ್ಕಿತು. ಇಸಾಕ್ ವಿಷಯಕ್ಕೆ ಬಂದಾಗ, ಇಂಗ್ಲಿಷ್ ಪತ್ರಿಕೆಗಳ ವರದಿಗಳ ಪ್ರಕಾರ, 2024ರಲ್ಲಿ ಕ್ಲಬ್ಬಿನ ಆಡಳಿತ ಬದಲಾದಾಗ ಮಾತುಕತೆ ಪಕ್ಕಕ್ಕೆ ಸರಿಯಿತು. ಇನ್ನೂ ನಾಲ್ಕು ವರ್ಷ ಇದೆಯಲ್ಲ, ಈಗೇನು ಅವಸರ ಅನ್ನೋ ಲೆಕ್ಕ.

ಕ್ಲಬ್ಬಿನ ಪರವಾಗಿ ಹೇಳುವಂಥದ್ದು ಇಲ್ಲವೇ ಇಲ್ಲ ಅಂತಲ್ಲ. ನ್ಯೂಕಾಸಲ್‌ನ ಬಹುಪಾಲು ಮಾಲೀಕತ್ವ ಸೌದಿ ಅರೇಬಿಯಾದ ಸರ್ಕಾರಿ ಹೂಡಿಕೆ ನಿಧಿಯದ್ದು. ದುಡ್ಡಿಗೇನೂ ಬರ ಇಲ್ಲ. ಆದರೆ ಖರ್ಚು ಮಾಡೋಕೆ ಲೀಗ್ ಬಿಡುತ್ತಿರಲಿಲ್ಲ: ಮೂರು ವರ್ಷದಲ್ಲಿ ಒಟ್ಟು 10.5 ಕೋಟಿ ಪೌಂಡ್‌ಗಿಂತ ಹೆಚ್ಚು ನಷ್ಟ ತೋರಿಸುವಂತಿಲ್ಲ ಅನ್ನೋ ನಿಯಮ. 2024ರ ಜೂನ್ ಕೊನೆಯಲ್ಲಿ ಈ ಲೆಕ್ಕ ಸರಿದೂಗಿಸೋಕೇ ಎಲಿಯಟ್ ಆಂಡರ್ಸನ್ ಮತ್ತು ಯಾಂಕುಬಾ ಮಿಂಟೆ ಎಂಬ ಇಬ್ಬರು ಎಳೆಯ ಆಟಗಾರರನ್ನು ಮಾರಬೇಕಾಯಿತು. ಆಂಡರ್ಸನ್ ಅದೇ ಕ್ಲಬ್ಬಿನ ಅಕಾಡೆಮಿಯಲ್ಲಿ ಬೆಳೆದ ಹುಡುಗ. ಅಂಥ ಹೊತ್ತಲ್ಲಿ ಒಬ್ಬರ ಸಂಬಳ ದುಪ್ಪಟ್ಟು ಮಾಡಿದರೆ ಡ್ರೆಸ್ಸಿಂಗ್ ರೂಮಿನ ಉಳಿದವರೂ ಬಾಗಿಲು ತಟ್ಟುತ್ತಾರೆ. ಇದು ನಿಜವಾದ ಕಷ್ಟ, ನಾನು ಒಪ್ತೀನಿ. ಆದರೆ ಕೊಡೋಕೆ ಆಗಲ್ಲ ಅನ್ನೋದು ಬೇರೆ, ನಿನಗೆ ಕೇಳೋ ಹಕ್ಕೇ ಇಲ್ಲ ಅನ್ನೋದು ಬೇರೆ. ಎರಡನೆಯದನ್ನು ಹೇಳೋರೇ ಜಾಸ್ತಿ.

ಈಗ ಇನ್ನೊಂದು ಕ್ಲಬ್‌ಗೆ ಬನ್ನಿ. ಕೋಲ್ ಪಾಮರ್ 2023ರ ಸೆಪ್ಟೆಂಬರ್ 1ರಂದು ಮ್ಯಾಂಚೆಸ್ಟರ್ ಸಿಟಿಯಿಂದ ಚೆಲ್ಸಿಗೆ ಬಂದಾಗ 21 ವರ್ಷ. ಬೆಲೆ 4 ಕೋಟಿ ಪೌಂಡ್, ಮೇಲೊಂದಿಷ್ಟು. ಏಳು ವರ್ಷದ ಒಪ್ಪಂದ. ಮೊದಲ ಸೀಸನ್‌ನಲ್ಲೇ ಲೀಗ್‌ನಲ್ಲಿ 22 ಗೋಲು, 11 ಅಸಿಸ್ಟ್. 2024ರ ಆಗಸ್ಟ್‌ನಲ್ಲಿ, ಅಂದರೆ ಒಂದೇ ವರ್ಷ ಕಳೆದು ಇನ್ನೂ ಆರು ವರ್ಷ ಬಾಕಿ ಇರುವಾಗ, ಚೆಲ್ಸಿ ಒಪ್ಪಂದವನ್ನು ಮತ್ತೆ ಬರೆಯಿತು. ಸಂಬಳ ಏರಿತು, ಅವಧಿ 2033ಕ್ಕೆ ಹೋಯಿತು.

"ಒಂದೇ ಸೀಸನ್ ನೋಡಿ ಕೊಟ್ಟರೆ ನಾಳೆ ಮಂಕಾದರೆ?" ಅಂತ ಆಗ ಕೇಳಿದವರಿದ್ದರು. ಮಂಕಾದರು ಕೂಡ. 2025ರ ಜನವರಿ ಮಧ್ಯದಿಂದ ಮೇ ಮೊದಲ ವಾರದವರೆಗೆ ಒಂದೇ ಒಂದು ಗೋಲು ಇಲ್ಲ. ಆಮೇಲೆ ಮೇ ಕೊನೆಯಲ್ಲಿ ಕಾನ್ಫರೆನ್ಸ್ ಲೀಗ್ ಫೈನಲ್‌ನಲ್ಲಿ ರಿಯಲ್ ಬೆಟಿಸ್ ವಿರುದ್ಧ ಎರಡು ಅಸಿಸ್ಟ್, ಜುಲೈ 13ರಂದು ಕ್ಲಬ್ ವಿಶ್ವಕಪ್ ಫೈನಲ್‌ನಲ್ಲಿ ಯುರೋಪ್ ಚಾಂಪಿಯನ್ ಪಿಎಸ್‌ಜಿ ವಿರುದ್ಧ ಎರಡು ಗೋಲು. ಚೆಲ್ಸಿ 3-0ರಿಂದ ಗೆದ್ದಿತು. ಗೋಲಿಲ್ಲದ ಆ ಮೂರೂವರೆ ತಿಂಗಳಲ್ಲಿ ಅವರನ್ನು ಕಾಡಿದ್ದು ಏನೇ ಇರಲಿ, ಸಂಬಳದ ಜಗಳವಂತೂ ಅಲ್ಲ.

ಇಲ್ಲಿ ಎಲ್ಲರೂ ಎತ್ತುವ ಒಂದು ಗಟ್ಟಿ ಪ್ರಶ್ನೆ ಇದೆ. ಚೆನ್ನಾಗಿ ಆಡಿದಾಗ ಸಂಬಳ ಜಾಸ್ತಿ ಕೇಳೋ ಆಟಗಾರ, ಕೆಟ್ಟದಾಗಿ ಆಡಿದಾಗ ದುಡ್ಡು ವಾಪಸ್ ಕೊಡ್ತಾನಾ? ಕೊಡಲ್ಲ. ಹಾಗಾದರೆ ಇದು ಒಂದು ಕಡೆಗಷ್ಟೇ ತೂಗುವ ತಕ್ಕಡಿ ಅಲ್ವಾ?

ಅಲ್ಲ. ಯಾಕಂದ್ರೆ ತಕ್ಕಡಿಯ ಇನ್ನೊಂದು ತಟ್ಟೆಯಲ್ಲಿ ಮಾರಾಟದ ಬೆಲೆ ಕೂತಿದೆ. ಕ್ಲಬ್‌ಗಳು ಆಟಗಾರನನ್ನು ಕೊಂಡ ದುಡ್ಡನ್ನು ಒಪ್ಪಂದದ ವರ್ಷಗಳಿಗೆ ಹಂಚಿ ಲೆಕ್ಕ ಬರೆಯುತ್ತವೆ. 6 ಕೋಟಿಯನ್ನು ಆರು ವರ್ಷಕ್ಕೆ ಹಂಚಿದರೆ ವರ್ಷಕ್ಕೆ 1 ಕೋಟಿ. ಮೂರು ವರ್ಷ ಕಳೆದ ಮೇಲೆ ಪುಸ್ತಕದಲ್ಲಿ ಇಸಾಕ್ ಬೆಲೆ ಸುಮಾರು 3 ಕೋಟಿ. ಮಾರಿದ್ದು 12.5 ಕೋಟಿಗೆ. ಹತ್ತಿರ ಹತ್ತಿರ 9 ಕೋಟಿ ಪೌಂಡ್ ಮೀರಿದ ಲಾಭ. ಆ ಲಾಭವನ್ನು ಹುಟ್ಟಿಸಿದ್ದು ಯಾರ ಕಾಲು? ಅದರಲ್ಲಿ ಅವರಿಗೆ ಸಹಜವಾಗಿ ಸಿಗೋ ಪಾಲು ಏನೂ ಇಲ್ಲ. ಆಟಗಾರ ಬೆಳೆದರೆ ಏರಿದ ಬೆಲೆ ಕ್ಲಬ್ಬಿನ ಆಸ್ತಿ. ಅದರಲ್ಲೊಂದು ತುಂಡು ಆಟಗಾರನ ಕೈಗೆ ಬರುವ ದಾರಿಗಳು ಎರಡೇ: ಒಂದು ಅವಧಿಗೆ ಮೊದಲೇ ಒಪ್ಪಂದ ಬದಲಾಗಬೇಕು, ಇಲ್ಲಾಂದ್ರೆ ಅವನು ಬೇರೆ ಕಡೆ ಹೋಗಬೇಕು. ಮೊದಲನೆಯದನ್ನು ಮುಚ್ಚಿದರೆ ಎರಡನೆಯದನ್ನು ನೀವೇ ತೆರೆದಂತೆ. ಐಟಿಯಲ್ಲಿ ಕೆಲಸ ಮಾಡೋರಿಗೆ ಇದು ಹೊಸದಲ್ಲ: ಇದ್ದವರಿಗೆ ಹೈಕ್ ಕೊಡೋಕೆ ಬಜೆಟ್ ಇಲ್ಲ, ಅವರು ಬಿಟ್ಟ ಮೇಲೆ ಅದೇ ಸೀಟಿಗೆ ಹೊರಗಿನವರನ್ನು ಹೆಚ್ಚು ಸಂಬಳಕ್ಕೆ ತರೋಕೆ ಬಜೆಟ್ ಇರುತ್ತೆ. ಇಸಾಕ್ ಜಾಗಕ್ಕೆ ನ್ಯೂಕಾಸಲ್ ತಂದ ನಿಕ್ ವೋಲ್ಟಮಾಡೆ ಅವರಿಗಾಗಿ ಕೊಟ್ಟಿದ್ದು ಸುಮಾರು 6.9 ಕೋಟಿ ಪೌಂಡ್.

ಆದರೂ ಅವರು ತರಬೇತಿಯಿಂದ ದೂರ ಉಳಿದದ್ದನ್ನು ನಾನು ಮೆಚ್ಚಲ್ಲ. ಅದರಿಂದ ಮೊದಲು ಪೆಟ್ಟು ತಿಂದವರು ಸಹ ಆಟಗಾರರು, ಟಿಕೆಟ್ ಕೊಂಡ ಜನ. ಇಸಾಕ್ ಕೂಡ ಬೆಲೆ ತೆತ್ತರು: ಪ್ರೀ-ಸೀಸನ್ ಇಲ್ಲದೆ ಲಿವರ್‌ಪೂಲ್‌ಗೆ ಹೋದವರು ತಿಂಗಳುಗಟ್ಟಲೆ ಲಯಕ್ಕಾಗಿ ಪರದಾಡಿದರು, ಡಿಸೆಂಬರ್‌ನಲ್ಲಿ ಟಾಟನಮ್ ವಿರುದ್ಧ ಗೋಲು ಹೊಡೆಯುವಾಗಲೇ ಕಾಲು ಮುರಿಯಿತು.

ಇತಿಹಾಸದ ತಮಾಷೆ ನೋಡಿ, ಇದೇ ಊರಲ್ಲಿ ಇದೇ ಜಗಳ ಹಿಂದೆಯೂ ನಡೆದಿದೆ. 1960ರಲ್ಲಿ ನ್ಯೂಕಾಸಲ್‌ನ ಜಾರ್ಜ್ ಈಸ್ಟಮ್ ಒಪ್ಪಂದ ಮುಗಿದ ಮೇಲೆ ಹೊಸದಕ್ಕೆ ಸಹಿ ಹಾಕಲ್ಲ ಅಂದರು. ಗಮನಿಸಿ, ಒಪ್ಪಂದ ಮುಗಿದ ಮೇಲೆ. ಆಗಿನ ನಿಯಮದಲ್ಲಿ ಒಪ್ಪಂದ ಮುಗಿದರೂ ಕ್ಲಬ್ ಬಿಡಬೇಕಾಗಿರಲಿಲ್ಲ, ಬೇರೆ ಕಡೆ ಆಡೋಕೂ ಆಗ್ತಿರಲಿಲ್ಲ. ವಾರದ ಸಂಬಳಕ್ಕೆ 20 ಪೌಂಡ್ ಅನ್ನೋ ಗರಿಷ್ಠ ಮಿತಿ ಬೇರೆ. ಈಸ್ಟಮ್ ಆಟ ಬಿಟ್ಟು ಗೆಳೆಯನ ಕಂಪನಿಯಲ್ಲಿ ಕಾರ್ಕ್ ಮಾರುತ್ತಾ ತಿಂಗಳುಗಳನ್ನು ದೂಡಿದರು. ಕೊನೆಗೆ ಆರ್ಸೆನಲ್‌ಗೆ ಹೋಗೋಕೆ ಬಿಟ್ಟರು. ಅವರು ಅಲ್ಲಿಗೇ ಸುಮ್ಮನಾಗಲಿಲ್ಲ, ಆಟಗಾರರ ಸಂಘದ ಬೆಂಬಲದಿಂದ ಕೋರ್ಟಿಗೆ ಹೋದರು. 1963ರಲ್ಲಿ ನ್ಯಾಯಮೂರ್ತಿ ವಿಲ್ಬರ್‌ಫೋರ್ಸ್, ಈ ಪದ್ಧತಿ ಮನುಷ್ಯನ ದುಡಿಮೆಯ ಹಕ್ಕಿಗೆ ಹಾಕಿದ ಅನ್ಯಾಯದ ಕಡಿವಾಣ ಎಂಬರ್ಥದ ತೀರ್ಪು ಕೊಟ್ಟರು. ಅಷ್ಟರಲ್ಲಿ, 1961ರ ಜನವರಿಯಲ್ಲಿ, ಜಿಮ್ಮಿ ಹಿಲ್ ನಾಯಕತ್ವದ ಸಂಘ ಮುಷ್ಕರದ ಬೆದರಿಕೆ ಹಾಕಿ 20 ಪೌಂಡ್ ಮಿತಿಯನ್ನು ಮುರಿದಿತ್ತು. ಫುಲ್‌ಹ್ಯಾಮ್‌ನ ಜಾನಿ ಹೇನ್ಸ್ ವಾರಕ್ಕೆ 100 ಪೌಂಡ್ ಪಡೆದ ಮೊದಲಿಗರಾದರು. ಒಪ್ಪಂದ ಮುಗಿದವರು ದುಡ್ಡು ಕಟ್ಟದೆ ಹೋಗಬಹುದು ಅಂತ ಯುರೋಪಿನಲ್ಲಿ ಆಗಿದ್ದು 1995ರ ಡಿಸೆಂಬರ್‌ನಲ್ಲಿ, ಬೋಸ್ಮನ್ ತೀರ್ಪಿನಿಂದ. ಇವತ್ತು ಸಾಮಾನ್ಯ ಅನ್ನಿಸುವ ಒಂದೊಂದು ಹಕ್ಕನ್ನೂ ಆಗ "ಸಹಿ ಹಾಕಿದ ಮೇಲೆ ಮುಗೀತು" ಅಂದವರ ವಿರುದ್ಧವೇ ಪಡೆದದ್ದು.

"ಕೋಟಿಗಟ್ಟಲೆ ತಗೊಳ್ಳೋರ ಬಗ್ಗೆ ನಿಮಗ್ಯಾಕೆ ಇಷ್ಟು ಕನಿಕರ?" ಅಂತ ಕೇಳಬಹುದು. ಕನಿಕರ ಇಲ್ಲ. ಅವರಿಗೆ ಕೊಡದ ದುಡ್ಡು ಸ್ಟೇಡಿಯಂ ಗುಡಿಸುವವರಿಗೆ ಹೋಗಲ್ಲ, ಟಿಕೆಟ್ ಬೆಲೆಯೂ ಇಳಿಯಲ್ಲ. ಅದು ಉಳಿಯೋದು ಮಾಲೀಕರ ಹತ್ತಿರ, ಇಲ್ಲಿ ಆ ಮಾಲೀಕ ಒಂದು ರಾಜ್ಯಾಡಳಿತ. ಆ ಎರಡರ ನಡುವೆ ಆರಿಸು ಅಂದ್ರೆ ನನಗೆ ಯೋಚಿಸೋಕೆ ಬಹಳ ಹೊತ್ತು ಬೇಕಾಗಲ್ಲ.

ಈಗ ಬಲೆಯ ಮಾತು. ಚೆಲ್ಸಿ ಪಾಮರ್‌ಗೆ ಸಂಬಳ ಹೆಚ್ಚಿಸಿದ್ದು ಪ್ರೀತಿಯಿಂದ ಅಷ್ಟೇ ಅಂತ ನಂಬಬೇಡಿ. ಅದಕ್ಕೆ ಬದಲಾಗಿ ಇನ್ನಷ್ಟು ವರ್ಷ ಪಡೆಯಿತು. 2033ಕ್ಕೆ ಪಾಮರ್‌ಗೆ 31. ಅಂದರೆ ಒಬ್ಬ ಆಟಗಾರನ ಒಳ್ಳೆಯ ಕಾಲ ಪೂರ್ತಿ ಒಂದೇ ಕ್ಲಬ್ಬಿನ ಪೆಟ್ಟಿಗೆಯಲ್ಲಿ. ಹ್ಯಾರಿ ಕೇನ್ ಕಥೆ ನೆನಪಿದೆಯಲ್ಲ? 2018ರಲ್ಲಿ ಟಾಟನಮ್ ಜೊತೆ ಖುಷಿಯಿಂದ 2024ರವರೆಗೆ ಸಹಿ ಹಾಕಿದರು. 2021ರಲ್ಲಿ ಮ್ಯಾಂಚೆಸ್ಟರ್ ಸಿಟಿ ಕರೆದಾಗ ಹೋಗಬೇಕು ಅನ್ನಿಸಿತು, ಅಧ್ಯಕ್ಷ ಡೇನಿಯಲ್ ಲೆವಿ ಬಿಡಲಿಲ್ಲ. ಕೊನೆಗೆ 2023ರಲ್ಲಿ ಬಯರ್ನ್ ಮ್ಯೂನಿಕ್‌ಗೆ ಹೋಗಿ, 2025ರಲ್ಲಿ, 31ರ ವಯಸ್ಸಿನಲ್ಲಿ, ಮೊದಲ ದೊಡ್ಡ ಟ್ರೋಫಿ ಹಿಡಿದರು.

ಹಾಗಾಗಿ ಆಟಗಾರರಿಗೆ ಬೇಕಾಗಿರೋದು ಬರೀ "ಬೇಗ ಹೊಸ ಒಪ್ಪಂದ" ಅಲ್ಲ. ವರ್ಷ ಸೇರಿಸದೆ ಸಂಬಳ ಏರಿಸೋ ಒಪ್ಪಂದ. ಇಷ್ಟು ಗೋಲು, ಇಷ್ಟು ಪಂದ್ಯ, ಚಾಂಪಿಯನ್ಸ್ ಲೀಗ್ ಅರ್ಹತೆ ಆದರೆ ತಾನಾಗಿಯೇ ಮೇಲಿನ ಮೆಟ್ಟಿಲು ಅಂತ ಮೊದಲ ದಿನವೇ ಬರೆದಿಟ್ಟರೆ ಯಾರೂ ಯಾರ ಬಾಗಿಲನ್ನೂ ತಟ್ಟಬೇಕಿಲ್ಲ. ಜೊತೆಗೆ ಬಿಡುಗಡೆಯ ಬೆಲೆಯೂ ಇರಲಿ. ಸ್ಪೇನಿನಲ್ಲಿ 1985ರ ಕಾನೂನಿನಡಿ ಆಟಗಾರ ಪರಿಹಾರ ಕಟ್ಟಿ ಹೊರನಡೆಯಬಹುದು. 2017ರಲ್ಲಿ ನೇಯ್ಮರ್ ಬಾರ್ಸಿಲೋನಾ ಬಿಟ್ಟಿದ್ದು 22.2 ಕೋಟಿ ಯೂರೊ ಕಟ್ಟಿಯೇ. ಆದ್ರೆ ಅಲ್ಲೂ ಕ್ಲಬ್‌ಗಳು ಬುದ್ಧಿವಂತರು, ಈಗ ಲಮೀನ್ ಯಮಾಲ್‌ನಂಥವರಿಗೆ 100 ಕೋಟಿ ಯೂರೊ ಅಂತ ಬರೆಸ್ತಾರೆ. ಬಾಗಿಲು ಇದೆ, ಆದರೆ ಹತ್ತನೇ ಮಹಡಿಯಲ್ಲಿ.

ಮುಂದೆ ಇದು ಇನ್ನೂ ಬಿಗಿಯಾಗುತ್ತೆ. 2026-27ರಿಂದ ಪ್ರೀಮಿಯರ್ ಲೀಗ್ ನಷ್ಟದ ಮಿತಿಯನ್ನು ಬಿಟ್ಟು, ತಂಡದ ಖರ್ಚು ಆದಾಯದ ಶೇ. 85 ಮೀರಬಾರದು ಅನ್ನೋ ಲೆಕ್ಕಕ್ಕೆ ಹೋಗಲಿದೆ. ಸಂಬಳ ಏರಿಕೆ ನೇರವಾಗಿ ಆ ಮಿತಿಗೆ ತಗಲುತ್ತದೆ. "ನಿಯಮ ಬಿಡಲ್ಲ" ಅನ್ನೋ ಉತ್ತರ ಕ್ಲಬ್‌ಗಳ ಬಾಯಲ್ಲಿ ಸಿದ್ಧವಾಗಿರುತ್ತೆ.

ಒಪ್ಪಂದ ಪವಿತ್ರ ಅನ್ನೋರಿಗೆ ನಮ್ಮ ಊರಿನದ್ದೇ ಒಂದು ವಿಷಯ. ಇಸಾಕ್ ಜಗಳ ನಡೆಯುತ್ತಿದ್ದ ಅದೇ 2025ರ ಆಗಸ್ಟ್‌ನಲ್ಲಿ ಬೆಂಗಳೂರು ಎಫ್‌ಸಿ ಒಂದು ಪ್ರಕಟಣೆ ಹೊರಡಿಸಿತು: ಮೊದಲ ತಂಡದ ಆಟಗಾರರ ಮತ್ತು ಸಿಬ್ಬಂದಿಯ ಸಂಬಳ ಅನಿರ್ದಿಷ್ಟ ಕಾಲ ನಿಲ್ಲಿಸಲಾಗಿದೆ. ಅಖಿಲ ಭಾರತ ಫುಟ್‌ಬಾಲ್ ಫೆಡರೇಷನ್ ಮತ್ತು ಐಎಸ್‌ಎಲ್ ನಡೆಸುವ ಕಂಪನಿಯ ನಡುವಿನ 15 ವರ್ಷದ ಒಪ್ಪಂದ ಡಿಸೆಂಬರ್‌ನಲ್ಲಿ ಮುಗಿಯಲಿತ್ತು, ನವೀಕರಣ ಆಗಿರಲಿಲ್ಲ, ಲೀಗ್ ನಡೆಯುತ್ತೋ ಇಲ್ಲವೋ ಯಾರಿಗೂ ಗೊತ್ತಿರಲಿಲ್ಲ. ಕ್ಲಬ್ಬಿನ ಸಂಕಷ್ಟ ಸುಳ್ಳಲ್ಲ. ಆದರೆ ಸುನಿಲ್ ಛೆಟ್ರಿಯಿಂದ ಹಿಡಿದು ಹೆಸರೇ ಕೇಳದ ಎಳೆಯ ಆಟಗಾರರವರೆಗೆ ಎಲ್ಲರ ಕೈಯಲ್ಲೂ ಸಹಿ ಹಾಕಿದ ಕಾಗದ ಇತ್ತು. ಲೀಗ್ ನಿಂತಿದ್ದು ಅವರ ಆಟದಿಂದಲ್ಲ. ಆಗ ನನ್ನ ಗೆಳೆಯರಲ್ಲಿ ಒಬ್ಬರೂ "ಸೈನ್ ಹಾಕಿದ ಮೇಲೆ ಮುಗೀತು, ಕೊಡ್ಲೇಬೇಕು" ಅಂತ ಕ್ಲಬ್‌ಗೆ ಹೇಳಿದ್ದನ್ನು ನಾನು ಕೇಳಲಿಲ್ಲ. ಪಾಪ, ಕ್ಲಬ್ ಏನು ಮಾಡುತ್ತೆ ಅಂದರು.